ನಾಲ್ಕನೆಯ ಬೀದಿಯ ಕೆರೆ

ನಾಲ್ಕನೆಯ ಬೀದಿಯ ಇಪ್ಪತ್ತೆರಡು ಮನೆಗಳು ಒಂದು ಭಾನುವಾರ ಸಂಜೆ ಐದೂವರೆಗೆ ಕೆರೆಯಲ್ಲಿ ಮುಳುಗಿದವು. ಎಂಟು ದಿನ ಮುಳುಗಿಯೇ ಇದ್ದು, ಒಂಬತ್ತನೆಯ ದಿನ ಮಧ್ಯಾಹ್ನ, ಗೋಡೆಯ ಸುಣ್ಣವೂ ಹಸಿಯಾಗದೆ ಸುಖವಾಗಿ ಮೇಲೆದ್ದವು. ಇಷ್ಟರ ನಡುವೆ ಕಾಲು ಒದ್ದೆಯಾದದ್ದು ನಗರಸಭೆಯ ಇಂಜಿನಿಯರೊಬ್ಬರದೇ. ಅದಕ್ಕೂ ಕೆರೆಗೂ ಸಂಬಂಧವಿಲ್ಲವೆಂದು ಆಮೇಲೆ ಗೊತ್ತಾಯಿತು.

ಮುಳುಗಿಸಿದವರು ಕನ್ನಡಕದ ಅಂಗಡಿಯ ಯಜಮಾನರು. ಐವತ್ತೆರಡು ವರ್ಷದ, ಯಾರ ತಂಟೆಗೂ ಹೋಗದ ಮನುಷ್ಯ. ಅವರದು ಒಂದೇ ಒಂದು ದೌರ್ಬಲ್ಯ. ಮೂವತ್ತು ವರ್ಷದಿಂದ ಊರಿಗೆಲ್ಲ ಕನ್ನಡಕ ಹಾಕಿಸಿದವರು ತಾವು ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. "ದಿನಾ ಕನ್ನಡಕಗಳ ಮಧ್ಯೆ ಇರೋ ಕಣ್ಣು, ಇದಕ್ಕೇನಾಗುತ್ತೆ" ಎನ್ನುತ್ತಿದ್ದರು, ಕನ್ನಡಕದ ಗಾಳಿ ಸೋಕಿದರೆ ಸಾಕು ದೃಷ್ಟಿ ತೊಳೆದಿಟ್ಟಂತಾಗುತ್ತದೆ ಎಂಬ ಧಾಟಿಯಲ್ಲಿ. ಪತ್ರಿಕೆ ಹಿಡಿಯುವ ಅವರ ಕೈ ವರ್ಷದಿಂದ ವರ್ಷಕ್ಕೆ ದೂರ ಹೋಗುತ್ತ, ಈಗ ಮೊಣಕೈ ಪೂರ್ತಿ ನೆಟ್ಟಗಾಗಿತ್ತು. ಇನ್ನು ಮುಂದೆ ಪತ್ರಿಕೆಯನ್ನು ಎದುರು ಮನೆಯವರೇ ಹಿಡಿದುಕೊಳ್ಳಬೇಕಿತ್ತು.

ಅಂಗಡಿಯಲ್ಲಿ ಗಿರಾಕಿಗಳಿಗೆ ಓದಿಸುವ ಸಣ್ಣಕ್ಷರದ ಕಾರ್ಡೊಂದಿತ್ತು. ಅದು ಯಜಮಾನರಿಗೆ ಬಾಯಿಪಾಠ. ಹೋದ ವರ್ಷ ಹಳೆಯದು ಹರಿದು ಹೊಸ ಕಾರ್ಡು ಬಂದಾಗ ಅದರಲ್ಲಿದ್ದ ಸಾಲುಗಳೇ ಬೇರೆ. ಯಜಮಾನರು ಹಳೆಯ ಪಾಠವನ್ನೇ ನಂಬಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಂದ ಏಳು ಜನಕ್ಕೂ "ನಿಮ್ಮ ಕಣ್ಣು ಕೈಬಿಟ್ಟಿದೆ" ಎಂದು ಮರುಕದಿಂದ ಹೇಳಿ ಕಳಿಸಿದರು. ಎಂಟನೆಯವರಾಗಿ ಬಂದವರು ಎದುರಿನ ಗಡಿಯಾರ ರಿಪೇರಿಯವರು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಸಾಸಿವೆ ಕಾಳಿಗಿಂತ ಸಣ್ಣ ಚಕ್ರದ ಹಲ್ಲುಗಳನ್ನು ಎಣಿಸುವ ಆಸಾಮಿ. "ಕೈಬಿಟ್ಟಿರೋದು ನನ್ನ ಕಣ್ಣಲ್ಲ ಯಜಮಾನ್ರೇ, ಕಾರ್ಡು ತಿರುಗಿಸಿ ನೀವೇ ಒಂದ್ಸಲ ಓದಿ" ಎಂದುಬಿಟ್ಟರು. ಅಂದಿನಿಂದ ಇಬ್ಬರ ನಡುವೆ ಮಾತು ಇತ್ತು, ಸಲಿಗೆ ಇರಲಿಲ್ಲ.

ಆ ದಿನಗಳಲ್ಲಿ ಯಜಮಾನರ ಮನೆಗೆ ದೊಡ್ಡ ಸಂತೋಷವೊಂದು ಬರುವುದರಲ್ಲಿತ್ತು. ಅವರ ನಾದಿನಿ, ಅಂದರೆ ಹೆಂಡತಿಯ ತಂಗಿ, ಆಸ್ಪತ್ರೆಯಲ್ಲಿ ನರ್ಸು. ಹದಿನೆಂಟು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಬದಲಾಯಿಸಿದವಳು. ಆರನೆಯ ಮನೆಯಿಂದೀಚೆಗೆ ಅವಳು ಮೂರು ಪೆಟ್ಟಿಗೆಗಳನ್ನು ಬಿಚ್ಚುವುದನ್ನೇ ಬಿಟ್ಟಿದ್ದಳು. ಬಿಚ್ಚಿದರೆ ಮತ್ತೆ ಕಟ್ಟಬೇಕಲ್ಲ. ಈಗ ಯಜಮಾನರ ಪಕ್ಕದ ಮನೆಯ ಪೋಸ್ಟ್‌ಮಾಸ್ಟರು ನಿವೃತ್ತರಾಗಿ ಮಗನ ಊರಿಗೆ ಹೊರಟಿದ್ದರು. ಮನೆಯನ್ನು ಅವಳಿಗೇ ಮಾರುವುದೆಂದು ಮಾತಾಗಿತ್ತು. ಶುಕ್ರವಾರ ಕ್ರಯಪತ್ರ, ಅದರ ಮುಂದಿನ ಸೋಮವಾರ ಸಂಜೆಯ ರೈಲಿಗೆ ಪೋಸ್ಟ್‌ಮಾಸ್ಟರ ಪ್ರಯಾಣ. ಅಕ್ಕ ತಂಗಿ ಆಗಲೇ ಕಾಂಪೌಂಡಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಎಷ್ಟು ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ ಎಂದು ಪರೀಕ್ಷೆ ಮಾಡಿ ನೋಡಿಯಾಗಿತ್ತು.

ಹೀಗಿರುವಾಗ ಬೀದಿಯ ವಾಚನಾಲಯಕ್ಕೆ ಆ ಭಾನುವಾರ ಬೆಳಿಗ್ಗೆ ಕಾಲೇಜಿನಲ್ಲಿ ಭೂಗೋಳ ಕಲಿಸುವ ಮೇಡಂ ಒಬ್ಬರು ಭಾಷಣಕ್ಕೆ ಬಂದರು. ಜನ ಅವರನ್ನು ಹತ್ತೇ ನಿಮಿಷದಲ್ಲಿ ನಕ್ಷೆ ಮೇಡಂ ಎಂದು ಕರೆದರು.

"ನೆಲ ಸುಮ್ನೆ ಕೂತಿರಲ್ಲ" ಎಂದರು ನಕ್ಷೆ ಮೇಡಂ. "ಹಳೇ ನಕ್ಷೆ ಮೇಲೆ ಹೊಸ ನಕ್ಷೆ ಇಟ್ಟು ನೋಡಿದ್ರೆ ಹಳ್ಳ ಎಲ್ಲಿಂದ ಎಲ್ಲಿಗೆ ಸರೀತು, ತೋಪು ಯಾವಾಗ ಹೋಯ್ತು, ಯಾವ ಕಾಲುದಾರಿ ಬೀದಿ ಆಯ್ತು, ಎಲ್ಲ ಕಾಣುತ್ತೆ. ನನ್ನ ಹತ್ರ ತೊಂಬತ್ತು ವರ್ಷ ಹಿಂದಿನದು, ಅರವತ್ತು ವರ್ಷ ಹಿಂದಿನದು, ಇಪ್ಪತ್ತು ವರ್ಷ ಹಿಂದಿನದು, ಮೂರಿವೆ. ನಡುವಿನದೊಂದು ಸಿಕ್ಕಿದ್ರೆ ನನಗೆ ಹೊಸ ಕಣ್ಣು ಬಂದ ಹಾಗೆ."

ಕಣ್ಣು ಎಂಬ ಮಾತು ಕಿವಿಗೆ ಬಿದ್ದದ್ದೇ ಯಜಮಾನರು ಎದ್ದು ನಿಂತರು. ಹಿಂದಿನ ಸಾಲಿನಲ್ಲಿದ್ದ ಗಡಿಯಾರದವರು "ನಮ್ಮಂಥವರ ಮನೇಲಿ ನಕ್ಷೆ ಎಲ್ಲಿರುತ್ತೆ" ಎಂದದ್ದೂ ಅದೇ ಹೊತ್ತಿಗೆ ಕೇಳಿಸಿತ್ತು.

"ನಮ್ಮನೇಲಿದೆ" ಎಂದರು ಯಜಮಾನರು. "ನಮ್ಮ ಮಾವ ಸರ್ವೆ ಇಲಾಖೇಲಿ ನಕ್ಷೆ ಬರೀತಿದ್ರು. ಅವರ ಕೈಯಿಂದಾನೇ ಬರೆದದ್ದು. ನಲವತ್ತೈದು ವರ್ಷದ್ದು."

ಮೇಡಂ ಮುಖ ಅರಳಿತು. "ನಾನು ನಾಳೆ ಬಿಟ್ಟು ಮುಂದಿನ ಸೋಮವಾರದವರೆಗೆ ಊರಲ್ಲಿರಲ್ಲ. ಅಲ್ಲೀವರೆಗೆ ಜೋಪಾನ. ಒಂದೇ ನಕ್ಷೆ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ" ಎಂದರು. ಕೊನೆಯ ವಾಕ್ಯ ಹೇಳುವಷ್ಟರಲ್ಲಿ ಯಜಮಾನರು ಚಪ್ಪಾಳೆಯ ಕಡೆಗೆ ತಿರುಗಿದ್ದರು.

ಸಂಜೆ ಐದಕ್ಕೆ ಯಜಮಾನರ ನಡುಮನೆಯಲ್ಲಿ ಹನ್ನೊಂದು ಜನ ಸೇರಿದರು. ಅಟ್ಟದಿಂದ ಇಳಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಕನ್ನಡಕದ ಡಬ್ಬಿ ಇಟ್ಟದ್ದಾಯಿತು. ಇಪ್ಪತ್ತೈದು ವರ್ಷ ಅಟ್ಟದಲ್ಲಿ ಮಡಚಿಟ್ಟ ಕಾಗದ, ಮಡಿಕೆಗಳಲ್ಲೆಲ್ಲ ಕಂದು ಬಣ್ಣ ಹಿಡಿದಿತ್ತು. ನಡುವೆ ಅಂಗೈ ಅಗಲದ ಒಂದು ನೀಲಿ ಜಾಗ. ಅದರ ಪಕ್ಕದಲ್ಲಿ ಮಾವನವರ ಸಣ್ಣ ಅಕ್ಷರದಲ್ಲಿ ಒಂದು ಸಾಲು, ಸಾಲಿನ ಕೆಳಗೆ ಕಾಗದ ಹರಿದಿದ್ದಕ್ಕೆ ಯಾರೋ ಮೆತ್ತಿದ ಅಂಟುಪಟ್ಟಿ.

"ಸ್ವಲ್ಪ ನಾನು ನೋಡಲಾ?" ಎಂದು ಗಡಿಯಾರದವರು ಜೇಬಿನಿಂದ ಮಸೂರ ತೆಗೆದರು.

"ಕೈ ಮುಟ್ಟಬೇಡಿ" ಎಂದು ಯಜಮಾನರು ಅವರನ್ನು ಹಿಂದಕ್ಕೆ ಸರಿಸಿ, ತಾವೂ ಎರಡು ಹೆಜ್ಜೆ ಹಿಂದೆ ಹೋಗಿ, ಕತ್ತನ್ನು ಇನ್ನಷ್ಟು ಹಿಂದೆಳೆದುಕೊಂಡು, ನಿಧಾನವಾಗಿ ಓದಿದರು: "ಇಲ್ಲಿ... ಕೆರೆ... ಮುಚ್ಚಿದೆ."

ಕೋಣೆ ನಿಶ್ಶಬ್ದವಾಯಿತು. ಯಜಮಾನರಿಗೆ ಅಷ್ಟು ದೊಡ್ಡ ನಿಶ್ಶಬ್ದ ಜೀವನದಲ್ಲೇ ಸಿಕ್ಕಿರಲಿಲ್ಲ.

"ಇಲ್ಲಿ ಅಂದ್ರೆ ಎಲ್ಲಿ?" ಎಂದು ಯಾರೋ ಕೇಳಿದರು.

"ಇಲ್ಲೇ. ಇದು ಹಳ್ಳ, ಇದು ವಾಚನಾಲಯದ ದಿಬ್ಬ. ಈ ನೀಲಿ ಪೂರ್ತಿ ನಮ್ಮ ನಾಲ್ಕನೇ ಬೀದಿ. ನಾವೀಗ ನಿಂತಿರೋದು ಕೆರೆಯ ನಟ್ಟನಡುವೆ" ಎಂದು ಯಜಮಾನರು, ಆ ಕೆರೆಯನ್ನು ತಾವೇ ತೋಡಿಸಿದವರಂತೆ ನಕ್ಕರು.

"ನಟ್ಟನಡುವೆ ಅಂದ್ರೆ ನಮ್ಮನೆ" ಎಂದರು ಪೋಸ್ಟ್‌ಮಾಸ್ಟರು.

ಯಜಮಾನರ ನಗು ಮುಖದಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದರು.

ಮರುದಿನ ಬೆಳಗಾಗುವಷ್ಟರಲ್ಲಿ ಬೀದಿಗೆ ಬೀದಿಯೇ ಕೆರೆಯ ಲಕ್ಷಣಗಳನ್ನು ಹುಡುಕಿಕೊಂಡಿತ್ತು. ಮೂಲೆಮನೆಯ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗುತ್ತಿದ್ದದ್ದು ಅದಕ್ಕೇ. ಟೈಲರಿಗೆ ವರ್ಷದಿಂದ ಬಿಡದ ಕೆಮ್ಮು ಅದಕ್ಕೇ. ಹಾಲಿನವರ ಮಗಳು ಗಣಿತದಲ್ಲಿ ಮೂರು ಸಲ ಮುಳುಗಿದ್ದೂ ಅದಕ್ಕೇ. ಏಳನೆಯ ನಂಬರಿನ ಮನೆಯಾಕೆ ತಮಗೆ ಹದಿನಾರು ವರ್ಷದಿಂದ ಮೀನಿನ ವಾಸನೆ ಬರುತ್ತಿತ್ತೆಂದೂ, ಗಂಡ ಬೈಯುತ್ತಾರೆಂದು ಹೇಳಿರಲಿಲ್ಲವೆಂದೂ ಸಾರಿದರು. ಗಂಡ ಎಲ್ಲರೆದುರು ಕ್ಷಮೆ ಕೇಳಿದರು.

ಇದೆಲ್ಲ ಹಾಗಿರಲಿ. ಪೋಸ್ಟ್‌ಮಾಸ್ಟರು ನಲವತ್ತು ವರ್ಷ ಯಾರ ಕಾಗದವನ್ನೂ ತಪ್ಪು ವಿಳಾಸಕ್ಕೆ ಕಳಿಸದ ಮನುಷ್ಯ. ಅವರು ಬೆಳಿಗ್ಗೆ ಎಂಟಕ್ಕೆ ಯಜಮಾನರ ಮನೆಗೆ ಬಂದು, ಕೂರದೆ ನಿಂತೇ ಅವರ ಹೆಂಡತಿಗೆ ಹೇಳಿದರು: "ಕೆರೆ ಮೇಲಿರೋ ಮನೇನ ಆ ಹುಡುಗಿಗೆ ಮಾರೋಕೆ ನನ್ನ ಮನಸ್ಸು ಒಪ್ಪಲ್ಲಮ್ಮ. ನಾಳೆ ಗೋಡೆ ಕುಸಿದ್ರೆ ನಾನು ಆ ಊರಲ್ಲಿ ಕೂತು ಹೇಗೆ ಊಟ ಮಾಡ್ಲಿ? ಬೀಗ ಹಾಕ್ಕೊಂಡು ಹೋಗ್ತೀನಿ. ಯಾರಿಗೂ ಬೇಡ."

ಅವರು ಹೋದ ಮೇಲೆ ಹೆಂಡತಿ ಗಂಡನ ಕಡೆ ತಿರುಗಿದರು. "ಜನ ಬಾಯಿಮಾತಿಗೆ ಮನೆ ಮುಳುಗಿಸ್ದ ಅಂತಾರೆ. ನೀವು ನಿಜವಾಗ್ಲೂ ಮುಳುಗಿಸಿದ್ರಿ." ಅದೇ ಕೊನೆ. ಆಮೇಲೆ ಅವರು ಮಾತಾಡಿದ್ದೆಲ್ಲ ಪಾತ್ರೆಗಳ ಜೊತೆ. "ಊಟಕ್ಕೆ ಬಡಿಸಿದೆ ಅಂತ ಯಾರಿಗಾದ್ರೂ ಹೇಳಬೇಕಿತ್ತು" ಎಂದು ಸೌಟಿಗೆ ಹೇಳುವರು. ಯಜಮಾನರು ಬಂದು ತಲೆ ತಗ್ಗಿಸಿ ಉಣ್ಣುವರು.

ನಾದಿನಿ ಬೈಯಲಿಲ್ಲ. ಡ್ಯೂಟಿ ಮುಗಿಸಿ ಬಂದವಳು ಕಾಂಪೌಂಡಿನ ಆಚೆ ಒಂದು ಸಲ ನೋಡಿ, "ಪರವಾಗಿಲ್ಲ ಭಾವ. ಪೆಟ್ಟಿಗೆ ಹೇಗೂ ಬಿಚ್ಚಿಲ್ಲ" ಎಂದಳು. ಬೈದಿದ್ದರೆ ಯಜಮಾನರು ತಡೆದುಕೊಳ್ಳುತ್ತಿದ್ದರು. ಈ ಮಾತು ನಾಟಿತು. ಅಂದು ಅವರಿಗೆ ಅಂಗಡಿಯಲ್ಲಿ ಕೂರಲೂ ಆಗಲಿಲ್ಲ. ತಾನು ಹೇಳಿದ್ದು ಸುಳ್ಳಾಗಲಿ ಎಂದು ಮೊದಲ ಸಲ ಮನಸಾರೆ ಹಾರೈಸಿದರು.

ಆದರೆ ಸುದ್ದಿ ನಗರಸಭೆ ತಲುಪಿತ್ತು. ಬುಧವಾರ ಇಂಜಿನಿಯರು ಟೇಪು, ಕಡತ, ಇಬ್ಬರು ಕೂಲಿಗಳ ಸಮೇತ ಬಂದರು. ಹೊಸ ಬೂಟು ಹಾಕಿಕೊಂಡಿದ್ದರು.

"ಕೆರೆ ಕಂಡುಹಿಡಿದವರು ಯಾರು?"

ಹನ್ನೊಂದು ಬೆರಳು ಯಜಮಾನರ ಕಡೆ ತಿರುಗಿದವು.

"ಎಷ್ಟು ಆಳ ಇತ್ತು?"

"ಎರಡಾಳು" ಎಂದರು ಯಜಮಾನರು. ಯಾಕೆ ಹಾಗೆಂದರೋ ಅವರಿಗೂ ಗೊತ್ತಿಲ್ಲ. ಒಂದಾಳು ಎಂದರೆ ಮಾವನವರ ಘನತೆಗೆ ಕಡಿಮೆಯಾದೀತು ಎನಿಸಿತು.

"ಆಳಿನ ಎತ್ತರ ಎಷ್ಟು?"

"ಆಗಿನ ಕಾಲದ ಆಳು. ಎತ್ತರವಾಗೇ ಇರ್ತಿದ್ರು."

ಇಂಜಿನಿಯರು ಕಡತದಲ್ಲಿ ಬರೆದುಕೊಂಡರು: ಆಳ, ಎರಡು ಎತ್ತರದ ಆಳು.

ಪರೀಕ್ಷೆಗೆ ಪೋಸ್ಟ್‌ಮಾಸ್ಟರ ಗೇಟಿನ ಮುಂದೆಯೇ ಗುಂಡಿ ತೋಡಿಸಿದರು. ಒಂದಡಿ, ಎರಡಡಿ, ಒಣ ಮಣ್ಣು. ಯಜಮಾನರಿಗೆ ಹೋದ ಜೀವ ಬಂದ ಹಾಗಾಯಿತು. ಮೂರಡಿ, ಒಣ ಮಣ್ಣು. "ನೋಡಿ, ನೀರಿಲ್ಲ. ನಾನು ಓದಿದ್ದೇ ಹೆಚ್ಚುಕಮ್ಮಿ ಆಗಿರಬಹುದು" ಎನ್ನುವ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗುದ್ದಲಿ ಇನ್ನೊಂದು ಸಲ ಬಿತ್ತು, ಟಣ್ ಎಂದಿತು, ಆಳೆತ್ತರಕ್ಕೆ ನೀರು ಚಿಮ್ಮಿತು.

"ಕೆರೆ" ಎಂದರು ಇಂಜಿನಿಯರು, ಬೂಟಿನಿಂದ ನೀರು ಬಸಿಯುತ್ತ. ಬೀದಿಯವರೆಲ್ಲ ಯಜಮಾನರನ್ನು ಗೌರವದಿಂದ ನೋಡಿದರು. ಅಷ್ಟು ಗೌರವ ಸಿಕ್ಕಿ ಅಷ್ಟು ಅಳು ಬಂದವರು ಇನ್ನೊಬ್ಬರಿರಲಾರರು. ಕೊಳಾಯಿ ಪೈಪು ಒಡೆದದ್ದೆಂದು ಗಡಿಯಾರದವರು ಹೇಳುವವರೆಗೆ ಕಾಲು ಗಂಟೆ ಹಾಗೇ ಚಿಮ್ಮಿತು. ಆಮೇಲೆ ಮೂರು ದಿನ ಬೀದಿಗೆ ನಲ್ಲಿ ನೀರಿಲ್ಲ. ಕೆರೆಯ ನಡುವೆ ವಾಸವಾಗಿದ್ದ ಇಪ್ಪತ್ತೆರಡು ಮನೆಯವರು ಕೊಡ ಹಿಡಿದು ಐದನೆಯ ಬೀದಿಗೆ ನೀರಿಗೆ ಹೋದರು. ಪೈಪಿನ ವಿಷಯ ಗೊತ್ತಾದರೂ ಇಂಜಿನಿಯರು ಪೋಸ್ಟ್‌ಮಾಸ್ಟರ ಗೇಟಿಗೆ ಒಂದು ಬೋರ್ಡು ತಗುಲಿಸಿಯೇ ಹೋದರು: ಕೆರೆ, ಪರಿಶೀಲನೆಯಲ್ಲಿದೆ.

ಶುಕ್ರವಾರ ಬಂತು, ಪತ್ರವಾಗದೆ ಹೋಯಿತು. ಸೋಮವಾರ ಬಂತು. ಪೋಸ್ಟ್‌ಮಾಸ್ಟರು ಬೆಳಿಗ್ಗೆಯೇ ಹಾಸಿಗೆ ಸುತ್ತಿ ಕಟ್ಟಿದರು. ಯಜಮಾನರು ನಕ್ಷೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಬಾಗಿಲಿಗೆ ಹೋದರು.

"ರೈಲಿಗೆ ಇನ್ನೂ ಏಳು ಗಂಟೆ ಇದೆ. ನಕ್ಷೆ ಮೇಡಂ ಬಂದಿದ್ದಾರಂತೆ. ಒಂದ್ಸಲ ಬನ್ನಿ" ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಪೋಸ್ಟ್‌ಮಾಸ್ಟರು ಕೂಡಲೇ ಚಪ್ಪಲಿ ಮೆಟ್ಟಿದರು. ಅಪ್ಪನ ನಕ್ಷೆಯನ್ನು ಗಂಡನ ಕೈಯಲ್ಲಿ ಬಿಡಲು ಧೈರ್ಯವಿಲ್ಲದೆ ಹೆಂಡತಿ ಹೊರಟರು. ಅಕ್ಕನ ಜೊತೆ ನಾದಿನಿ. ಎದುರಂಗಡಿಯ ಬಾಗಿಲೆಳೆದುಕೊಂಡು ಗಡಿಯಾರದವರು ಕರೆಯದೆಯೇ ಬಂದರು. ಯಜಮಾನರು ಬೇಡವೆನ್ನಲಿಲ್ಲ.

ಕಾಲೇಜಿನ ಮೇಡಂ ಕೋಣೆಯಲ್ಲಿ ಕೆಳಗಿನಿಂದ ದೀಪ ಉರಿಯುವ ಒಂದು ಗಾಜಿನ ಮೇಜಿತ್ತು. ಅವರು ಮೊದಲು ಅರವತ್ತು ವರ್ಷ ಹಿಂದಿನ ನಕ್ಷೆಯ ತೆಳು ಪ್ರತಿಯನ್ನು ಹಾಸಿದರು. ಅದರ ಮೇಲೆ ಇಪ್ಪತ್ತು ವರ್ಷ ಹಿಂದಿನದು. ನಡುವೆ ಮಾವನವರದು. ದಿಬ್ಬಕ್ಕೆ ದಿಬ್ಬ, ಮೂಲೆಗೆ ಮೂಲೆ ಕೂಡಿಸಿ, ಬಗ್ಗಿ ಬಹಳ ಹೊತ್ತು ನೋಡಿದರು.

"ಹಳ್ಳ ಮುನ್ನೂರು ಹೆಜ್ಜೆ ಪಶ್ಚಿಮಕ್ಕೆ ಸರಿದಿದೆ. ಅದು ನಿಜ. ಆದ್ರೆ ಕೆರೆ ಮೊದಲಿನದರಲ್ಲೂ ಇಲ್ಲ, ಕೊನೆಯದರಲ್ಲೂ ಇಲ್ಲ. ಅರವತ್ತು ವರ್ಷದ ಹಿಂದೆ ಇಲ್ಲಿ ಹುರುಳಿ ಹೊಲ. ಹೊಲದಲ್ಲಿ ಕೆರೆ ತೋಡಿ, ತುಂಬಿಸಿ, ಹದಿನೈದೇ ವರ್ಷದಲ್ಲಿ ಮುಚ್ಚಿದ್ರು ಅಂದ್ರೆ ಎಲ್ಲೋ ಒಂದು ಕಡೆ ಏರಿಯ ಗುರುತಾದ್ರೂ ಬೇಕಲ್ಲ. ಇಲ್ಲಿ ಏನಂತ ಬರೆದಿದೆ? ಓದಿ."

"ಇಲ್ಲಿ ಕೆರೆ ಮುಚ್ಚಿದೆ" ಎಂದರು ಯಜಮಾನರು, ಬಾಯಿಪಾಠದಿಂದ.

"ನೋಡಿ ಓದಿ."

ಯಜಮಾನರು ಬಗ್ಗಿದರು. ಅಕ್ಷರಗಳು ಇರುವೆಗಳ ಹಾಗೆ ಅತ್ತಿತ್ತ ಹರಿದವು. ಹಿಂದಕ್ಕೆ ಸರಿದರು, ಗೋಡೆ ಅಡ್ಡ ಬಂತು. ಎಲ್ಲರೂ ನೋಡುತ್ತಿದ್ದರು, ಹೆಂಡತಿಯೂ. ಮೂವತ್ತು ವರ್ಷದ ಬಿಗುಮಾನ ಅಲ್ಲಿಗೆ ಸಾಕಾಯಿತು.

"ನನಗೆ ಕಾಣಲ್ಲ" ಎಂದರು. "ಆವತ್ತೂ ಕಂಡಿರಲಿಲ್ಲ. ಅಂದಾಜಿನ ಮೇಲೆ ಓದಿದೆ. ಗಡಿಯಾರದವ್ರೇ, ದಯವಿಟ್ಟು ನೀವು ನೋಡಿ."

ಗಡಿಯಾರದವರು ಈ ಮಾತಿಗೆ ಒಂದು ವರ್ಷ ಕಾದಿದ್ದರು. ಆದರೂ ನಗಲಿಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಅಕ್ಷರದ ಮೇಲೆ ಮೂಗು ಇಟ್ಟರು.

"ಇದು ಕೆ ಅಲ್ಲ" ಎಂದರು. "ಗೆ. ಗ ಅಕ್ಷರದ ಹೊಟ್ಟೆ ಮೇಲೆ ಕಾಗದದ ಮಡಿಕೆ ಬಂದಿದೆ. ಕಂದು ಗೆರೆ ಅಡ್ಡಕ್ಕೆ ಹೋಗಿ ಗ ಹೋಗಿ ಕ ಆಗಿದೆ. ಬರೆದಿರೋದು, ಇಲ್ಲಿ ಗೆರೆ ಮುಚ್ಚಿದೆ."

ಗೆರೆಯ ಮೇಲೆ ಒಂದು ಗೆರೆ ಬಿದ್ದು ಕೆರೆಯಾಗಿತ್ತು. ಇಪ್ಪತ್ತೆರಡು ಮನೆ ಅದರಲ್ಲಿ ಮುಳುಗಿದ್ದವು.

"ಗೆರೆ ಯಾಕೆ ಮುಚ್ಚಿತು?" ಎಂದರು ಪೋಸ್ಟ್‌ಮಾಸ್ಟರು. ಅವರ ದನಿಯಲ್ಲಿ ಆಗಲೇ ಆಸೆ ಸೇರಿಕೊಂಡಿತ್ತು.

ಮೇಡಂ ಸಣ್ಣ ಕುಂಚದಿಂದ ಒಂದಿಷ್ಟು ನೀರು ಸವರಿ, ಬರಹದ ಕೆಳಗಿದ್ದ ಅಂಟುಪಟ್ಟಿಯನ್ನು ತುದಿಯಿಂದ ಮೆಲ್ಲಗೆ ಎತ್ತಿದರು. ಅಡಿಯಲ್ಲಿ ಇನ್ನೊಂದು ಸಾಲಿತ್ತು. ಗಡಿಯಾರದವರು ಓದಿದರು:

"ಚಿಕ್ಕವಳು ಶಾಯಿ ಚೆಲ್ಲಿದಳು. ಬೈಯಬಾರದು."

ಅದು ಇಲಾಖೆಗೆ ಹೋದ ನಕ್ಷೆಯಲ್ಲ. ಮಾವ ಮನೆಯಲ್ಲಿ ಕೂತು ಬರೆದ ಕರಡು, ಶಾಯಿ ಚೆಲ್ಲಿ ಕೆಟ್ಟಿದ್ದಕ್ಕೆ ಮನೆಯಲ್ಲೇ ಉಳಿದದ್ದು. ಮೇಡಂ ದೀಪ ಜಾಸ್ತಿ ಮಾಡಿದರು. ನೀಲಿ ಶಾಯಿಯ ಅಡಿಯಲ್ಲಿ ತೆಳ್ಳಗೆ ಒಂದು ಗೆರೆ ಕಂಡಿತು. ಗಾಡಿದಾರಿ. ಹೊಲದ ನಡುವೆ ನೇರ ಬಂದು, ಒಂದು ಕಡೆ ಸೊಂಟ ತಿರುಗಿಸಿ, ಮತ್ತೆ ನೇರ ಹೋಗಿತ್ತು. ತೊಂಬತ್ತು ವರ್ಷ ಹಿಂದಿನ ನಕ್ಷೆ ಇಟ್ಟು ನೋಡಿದರೆ ಆ ತಿರುವಿನಲ್ಲಿ ಒಂದು ಮರದ ಗುರುತು.

"ನಿಮ್ಮ ಬೀದಿ ನಡುವೆ ಒಂದು ತಿರುವು ಇದೆಯಾ?"

"ನನ್ನ ಅಂಗಡಿ ಮುಂದೆ" ಎಂದರು ಗಡಿಯಾರದವರು. "ಇದು ಯಾಕೆ ಹೀಗೆ ಸೊಟ್ಟಗಿದೆ ಅಂತ ಹುಟ್ಟಿದಾಗಿನಿಂದ ಕೇಳ್ತಿದ್ದೀನಿ."

"ಮರ ಇತ್ತು. ಗಾಡಿ ಸುತ್ತಿಕೊಂಡು ಹೋಗ್ತಿತ್ತು. ಮರ ಹೋಯ್ತು, ತಿರುವು ಉಳೀತು" ಎಂದರು ಮೇಡಂ. ಅಲ್ಲಿದ್ದವರಿಗೆಲ್ಲ ಆ ಕ್ಷಣ ತಮ್ಮ ಬೀದಿಯ ಮೇಲೆ ಎಂದಿಲ್ಲದ ಅಕ್ಕರೆ ಬಂತು. ಗಟ್ಟಿ ನೆಲದ ಮೇಲೆ ನಿಂತಿದ್ದೇವೆಂದು ತಿಳಿದ ಸುಖವೂ ಅದರಲ್ಲಿ ಸೇರಿತ್ತು.

ನಾದಿನಿ ಮಾತ್ರ ಆ ಎರಡನೆಯ ಸಾಲನ್ನೇ ನೋಡುತ್ತಿದ್ದಳು. "ನಾನು ಚೆಲ್ಲಿದ್ದಾ? ನನಗೆ ನೆನಪೇ ಇಲ್ಲ ಅಕ್ಕ."

ಅಕ್ಕ ಸೆರಗಿನ ತುದಿ ಸುತ್ತಿದರು. "ಹೇಗಿರುತ್ತೆ" ಎಂದರು. "ನಿನಗೆ ಮೂರು ವರ್ಷ. ಚೆಲ್ಲಿದ್ದು ನಾನು. ನಿನ್ನ ಅಂಗೈಗೆ ಒಂಚೂರು ಶಾಯಿ ಬಳಿದು ನಿನ್ನನ್ನ ಮುಂದೆ ಕೂರಿಸಿದೆ. ಅಪ್ಪ ನಿನ್ನ ಕೈ ನೋಡಿದ್ರು, ನನ್ನ ಮುಖ ನೋಡಿದ್ರು, ಏನೂ ಅನ್ನಲಿಲ್ಲ."

ಕೋಣೆಯಲ್ಲಿ ಮೊದಲು ನಕ್ಕವಳು ನಾದಿನಿಯೇ. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಪೋಸ್ಟ್‌ಮಾಸ್ಟರು ಜೇಬಿಗೆ ಕೈ ಹಾಕಿ ಬೀಗದಕೈ ಗೊಂಚಲು ತೆಗೆದು ಅವಳ ಕೈಯಲ್ಲಿಟ್ಟರು.

"ಪತ್ರಕ್ಕೆ ಹದಿನೈದು ದಿನ ಬಿಟ್ಟು ಬಂದು ರುಜು ಹಾಕ್ತೀನಿ. ಇದನ್ನ ಈಗ್ಲೇ ತಗೋಮ್ಮ. ಸರಿಯಾದ ವಿಳಾಸಕ್ಕೆ ಸೇರಿತು ಅಂತ ನೆಮ್ಮದಿಯಾಗಿ ರೈಲು ಹತ್ತುತ್ತೀನಿ."

ಬೋರ್ಡು ಬಿಚ್ಚಲು ಇಂಜಿನಿಯರು ಹಳೆಯ ಚಪ್ಪಲಿಯಲ್ಲಿ ಬಂದರು. ಕಡತದಲ್ಲಿ ಕೆರೆ ಇರಲೇ ಇಲ್ಲ ಎಂದು ಬರೆಯಲು ಕಾಲಂ ಇಲ್ಲವೆಂದರು. ಕೊನೆಗೆ "ಕೆರೆ ಒಣಗಿದೆ" ಎಂದು ಬರೆದು ಷರಾ ಹಾಕಿದರು. ಏಳನೆಯ ನಂಬರಿನವರಿಗೆ ಮೀನಿನ ವಾಸನೆ ಮುಂದುವರಿಯಿತು. ಗಂಡ ತಮ್ಮ ಕ್ಷಮೆಯನ್ನು ಹಿಂದಕ್ಕೆ ಪಡೆದರು.

ಯಜಮಾನರು ಅದೇ ವಾರ ತಮ್ಮ ಅಂಗಡಿಗೆ ತಾವೇ ಗಿರಾಕಿಯಾದರು. ಓದುವ ಕಾರ್ಡು ಹಿಡಿದು ಪರೀಕ್ಷಿಸಿದವರು ಗಡಿಯಾರದವರು. "ನಿಮ್ಮ ಕಣ್ಣು ಕೈಬಿಟ್ಟಿದೆ ಯಜಮಾನ್ರೇ" ಎಂದು ಮರುಕದಿಂದ ಹೇಳಿ ಕಪ್ಪು ಚೌಕಟ್ಟಿನದೊಂದನ್ನು ಆರಿಸಿಕೊಟ್ಟರು.

ಭಾನುವಾರ ಸಂಜೆ ಐದೂವರೆಗೆ, ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಮಡಿಲಿನಲ್ಲೇ ಇಟ್ಟು ಓದುತ್ತಿದ್ದ ಗಂಡನ ಎದುರು ಹೆಂಡತಿ ಬಂದು ಕೂತರು. ಎಂಟು ದಿನ ಪಾತ್ರೆಗಳಿಗೆ ಹೇಳಿದ್ದೆಲ್ಲ ಬಾಕಿ ಇತ್ತು. "ಇದನ್ನ ಹತ್ತು ವರ್ಷದ ಹಿಂದೆ ಹಾಕ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನನ್ನ ತಂಗಿ ವಾರಪೂರ್ತಿ ಊಟ ಬಿಟ್ಟು..."

ಯಜಮಾನರು ಎದ್ದು, ನಕ್ಷೆ ತಂದು ಬಿಚ್ಚಿ, ಕೊನೆಯ ಪದದ ಮೇಲೆ ಬೆರಳಿಟ್ಟು, ಕೈ ಚಾಚದೆ, ಕತ್ತು ಹಿಂದೆಳೆಯದೆ ಸ್ಪಷ್ಟವಾಗಿ ಓದಿದರು:

"ಬೈಯಬಾರದು."

"ಅದು ಚೆಲ್ಲಿದವರಿಗೆ" ಎಂದರು ಹೆಂಡತಿ. "ಓದಿದವರಿಗಲ್ಲ."

ಹೇಳಿದ ಮೇಲೆ ತಡೆಯಲಾಗದೆ ನಕ್ಕರು. ಯಜಮಾನರಿಗೆ ಆ ನಗು ಕನ್ನಡಕದಲ್ಲಿ ಬಹಳ ಹತ್ತಿರ ಕಂಡಿತು. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ, ಮೆಲ್ಲಗೆ, ಆದರೆ ಚೆನ್ನಾಗಿ ಕೇಳಿಸುವ ಹಾಗೆ, ದನಿ ಬಂತು:

"ಅಕ್ಕ, ಒಂದು ಕತ್ತರಿ ಕೊಡ್ತೀಯಾ? ಈ ಪೆಟ್ಟಿಗೆ ಗಂಟು ಹನ್ನೆರಡು ವರ್ಷದ್ದು, ಕೈಯಲ್ಲಿ ಬಿಚ್ತಾ ಇಲ್ಲ."